ಜಮಖಾನದಲ್ಲಿ ನನ್ನದೊಂದು ಗೇಣು

ಆಕೆಯ ಬಲಗೈ ಹೆಬ್ಬೆರಳು ಒಳಕ್ಕೆ ಬಾಗಿತ್ತು. ನಲವತ್ತು ವರ್ಷ ಕಬ್ಬಿಣದ ಹಣಿಗೆ ಹಿಡಿದು ನೂಲು ಬಡಿದು ಕೂರಿಸಿದ ಬೆರಳದು. ಊಟಕ್ಕೆ ಕೂತಾಗಲೂ ನೆಟ್ಟಗಾಗುತ್ತಿರಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ನವಲಗುಂದಕ್ಕೆ ಸೊಸೆಯಾಗಿ ಬಂದಾಗ, ಬಾಜೂ ಮನೆಯಲ್ಲಿ ಜಮಖಾನ ನೇಯುತ್ತಿದ್ದ ಈ ಮುದುಕಿಯನ್ನು ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ನಾನೂ ಹಾಗೇ ಕರೆದೆ.

ಯಾರು ಎಂಥ ಬಟ್ಟೆ ತಂದು ತೋರಿಸಿದರೂ ಖಾಲಾ ಮೊದಲು ಅದನ್ನು ಮಗುಚಿ ಹಾಕುತ್ತಿದ್ದಳು. "ಮಾರಿ ಎಲ್ಲಾರದೂ ಚಂದ ಇರತೈತಿ. ಬೆನ್ನು ನೋಡಬೇಕ ಬೇ." ನನ್ನ ಮದುವೆ ಸೀರೆಗೂ ಈ ಪರೀಕ್ಷೆ ತಪ್ಪಲಿಲ್ಲ, ಅದು ನಪಾಸಾಯಿತು. ಆಕೆಯ ಜಮಖಾನ ಮಾತ್ರ ಎರಡೂ ಕಡೆ ಒಂದೇ ಸಮ.

ಜಮಖಾನ ನೇಯುವ ಮನೆತನಗಳಲ್ಲಿ ನೇಯ್ಗೆಯನ್ನು ಸೊಸೆಯಂದಿರಿಗೆ ಕಲಿಸುತ್ತಿದ್ದರೇ ಹೊರತು ಹೆಣ್ಣುಮಕ್ಕಳಿಗಲ್ಲ. ಮಗಳು ಬೇರೆ ಊರಿಗೆ ಹೋಗುವವಳು, ವಿದ್ಯೆಯೂ ಅವಳ ಹಿಂದೆ ಹೋದೀತೆಂಬ ಹೆದರಿಕೆ. ಖಾಲಾಗೆ ಮೂವರೂ ಹೆಣ್ಣುಮಕ್ಕಳೇ. ಮಗ್ಗದ ಮುಂದೆ ಒಬ್ಬಳೇ ಕೂರುತ್ತಿದ್ದಳು.

ಅಣ್ಣಿಗೇರಿಯ ನನ್ನ ತವರಿನಲ್ಲಿ ತಂಗಿಯ ಮದುವೆ ಗೊತ್ತಾಯಿತು. ಬೀಗರು ಬಾಯಿಬಿಟ್ಟು ಕೇಳಿದ್ದು ನವಲಗುಂದದ ಜಮಖಾನ ಒಂದನ್ನೇ. ನಾನು ಎದೆ ತಟ್ಟಿ ಒಪ್ಪಿಕೊಂಡೆ. ಖಾಲಾ ನವಿಲಿನ ಚಿತ್ತಾರದ್ದೊಂದನ್ನು ನೇಯಲು ಕೂತಳು. ಮದುವೆ ಹತ್ತಿರ ಬಂದು ಇನ್ನೊಂದು ಗೇಣು ಉಳಿದಾಗ ಜ್ವರ ಬಂದು ಮಲಗಿದಳು. ಒಬ್ಬರ ಮಗ್ಗಕ್ಕೆ ಇನ್ನೊಬ್ಬರು ಕೈ ಹಾಕುವ ರೂಢಿ ಅಲ್ಲಿರಲಿಲ್ಲ. ನಾನು ಹುಬ್ಬಳ್ಳಿಗೆ ಹೋಗಿ, ಅಂಥದೇ ನವಿಲು ಅಚ್ಚೊತ್ತಿದ ಗಿರಣಿ ಮಾಲು ತಂದೆ. "ಯಾರರ ಕೇಳಿದ್ರ ನಿಮ್ಮದ ಅನ್ರಿ ಖಾಲಾ. ನನ್ನ ಮರ್ಯಾದಿ ಉಳಿಸ್ರಿ" ಎಂದೆ. ಆಕೆ ಮಗುಚಿದಳು. ಬೆನ್ನಿಗೆ ಬಣ್ಣವೇ ಇರಲಿಲ್ಲ. ಏನೂ ಅನ್ನಲಿಲ್ಲ, ಅದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ಮದುವೆಗೆ ಆಕೆಯೂ ಬಂದಳು, ಇನ್ನೂ ನಿಶ್ಶಕ್ತಿ. ಬೀಗಿತ್ತಿ ಹಾಸಿದ್ದನ್ನು ತೋರಿಸಿ ಎಲ್ಲರೆದುರು ಆಕೆಯನ್ನು ಕೇಳಿಯೇಬಿಟ್ಟಳು: "ಇದು ನೀವ ನೇದದ್ದೇನ್ರಿ?"

"ಅಲ್ರೀ" ಎಂದಳು ಖಾಲಾ. "ನಂದು ಇನ್ನೂ ಮಗ್ಗದ ಮ್ಯಾಲೈತ್ರಿ. ಜ್ವರ ಬಂದು ತಡಾ ಮಾಡಿದೆ, ತಪ್ಪು ನಂದು. ಅಲ್ಲೀತನಕಾ ಹಾಸಾಕ ಈ ಹುಡುಗಿ ಇದನ್ನ ತಂದಾಳ್ರಿ. ನಂದು ಹದಿನೈದು ದಿನದಾಗ ಬರತೈತಿ."

ಬೀಗಿತ್ತಿ ತಲೆಯಾಡಿಸಿ ಅದರ ಮೇಲೇ ಕೂತಳು. ನನ್ನ ಮರ್ಯಾದೆ ಉಳಿದಿತ್ತು, ಆದರೂ ತಿರುಗಿ ಬರುವಾಗ ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಖಾಲಾ ತಾನಾಗಿಯೇ ಹೇಳಿದಳು: "ಅಗ್ಗದ್ದು ತಗೊಳ್ಳೂದು ತಪ್ಪಲ್ಲ ಬೇ. ಗಿರಣ್ಯಾಗ ದುಡಿಯಾಂವನೂ ಹೊಟ್ಟಿಗೇ ದುಡೀತಾನ. ಅದರ ಹೆಸರು ಅದಕ್ಕಿರಲಿ. ನನ್ನ ಹೆಸರು ಯಾಕ ಅದಕ್ಕ?" ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದೆ.

ಮರುದಿನ ಆಕೆಯೇ ಕರೆದಳು. ಆಕೆಯ ತೋಳಿನಲ್ಲಿ ನೂಲು ಬಡಿಯುವ ಶಕ್ತಿ ಉಳಿದಿರಲಿಲ್ಲ. "ನೀ ಈ ಓಣಿ ಸೊಸಿ ಹೌದಿಲ್ಲೋ? ಕುಂದರ" ಎಂದು ಹಣಿಗೆಯನ್ನು ನನ್ನ ಕೈಗಿಟ್ಟಳು. ಕೊನೆಯ ಗೇಣನ್ನು ನಾನು ನೇಯ್ದೆ. ನನ್ನ ನವಿಲು ಕೋಳಿಯಾಯಿತು. ಬಿಚ್ಚುತ್ತೇನೆ ಎಂದರೆ ಬಿಡಲಿಲ್ಲ. ಬೀಗರಿಗೆ ಒಪ್ಪಿಸುವಾಗ ಆ ಸೊಟ್ಟ ಹೆಬ್ಬೆರಳಿಟ್ಟು ತೋರಿಸಿದಳು: "ಇಷ್ಟು ಈಕೀದ್ರಿ. ಉಳಿದದ್ದು ನಂದು."

ಎರಡು ವರ್ಷದಲ್ಲಿ ಖಾಲಾ ತೀರಿಕೊಂಡಳು. ತಂಗಿಯ ಮನೆಯಲ್ಲಿ ಇವತ್ತಿಗೂ ಆ ಜಮಖಾನ ಹಾಸುತ್ತಾರೆ. ಇದು ಅಸಲಿಯೋ ನಕಲಿಯೋ ಎಂದು ಯಾರಾದರೂ ಕೇಳಿದರೆ ನಾನು ಮಗುಚಿ ತೋರಿಸುತ್ತೇನೆ. ನನ್ನ ಕೋಳಿ ಬೆನ್ನಿನ ಕಡೆಯೂ ಕೋಳಿಯೇ. ಇಷ್ಟು ನನ್ನದು ಎಂದು ಅದರ ಮೇಲೆ ಬೆರಳಿಡುತ್ತೇನೆ.