ಅಕ್ಕನ ಮಗಳ ರಕ್ತ

ಅಕ್ಕನನ್ನು ಮೂಡಲಗಿಯ ನಮ್ಮ ಸೋದರಮಾವನಿಗೇ ಕೊಟ್ಟಿದ್ದರು. ನಮ್ಮ ಮನೆಗಳಲ್ಲಿ ಅದು ಚರ್ಚೆಯ ವಿಷಯವಲ್ಲ. ಅವ್ವನಿಗೆ ಮದುವೆಯಾಗದ ತಮ್ಮನಿದ್ದ, ಮನೆಯಲ್ಲಿ ಅಕ್ಕ ಇದ್ದಳು, ಅಷ್ಟೇ. ಅವರ ಮಗಳಿಗೆ ಎಂಟು ತಿಂಗಳಾದಾಗ ಮೈ ಬಿಳಿಚಿಕೊಳ್ಳತೊಡಗಿತು. ಹಲ್ಲು ಬರುವ ಕಾಲ ಎಂದರು, ದೃಷ್ಟಿ ತಾಗಿದೆ ಎಂದರು. ಕೊನೆಗೆ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಥಲಸ್ಸೀಮಿಯಾ ಎಂಬ ಹೆಸರು ಹೇಳಿದರು. ಮಗುವಿನ ಮೈ ತನಗೆ ಬೇಕಾದ ರಕ್ತವನ್ನು ಸರಿಯಾಗಿ ಮಾಡಿಕೊಳ್ಳಲಾರದು, ಬದುಕಿರುವಷ್ಟು ಕಾಲ ಬೇರೆಯವರ ರಕ್ತ ಏರಿಸುತ್ತಿರಬೇಕು ಎಂದರು.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಗೋಕಾಕದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಲು ಹೊಸದಾಗಿ ಸೇರಿದ್ದೆ. ಬಟಾಣಿ ಗಿಡಗಳ ಪಾಠದಲ್ಲಿ ಹಲಗೆಯ ಮೇಲೆ ಚೌಕ ಎಳೆದು, ಎತ್ತರದ ಗಿಡ ಮೂರು, ಗಿಡ್ಡದ್ದು ಒಂದು ಎಂದು ತೋರಿಸುತ್ತಿದ್ದೆ. ಆ ಚೌಕದಲ್ಲಿ ಅಕ್ಕನನ್ನೂ ಮಾವನನ್ನೂ ಕೂರಿಸಬಹುದೆಂದು ನನಗೆ ಹೊಳೆದಿರಲಿಲ್ಲ.

ಮೂರು ವಾರಕ್ಕೊಮ್ಮೆ ಅವರು ಮೂಡಲಗಿಯಿಂದ ಬಸ್ಸಿನಲ್ಲಿ ಘಟಪ್ರಭೆಗೆ ಬರುತ್ತಿದ್ದರು. ನಾನು ರಜೆ ಹಾಕಿ ಗೋಕಾಕದಿಂದ ಅಲ್ಲಿಗೆ ಹೋಗುತ್ತಿದ್ದೆ. ಮುಂದೆ ಬೆಳಗಾವಿಗೆ ರೈಲು. ಹುಡುಗಿ ನನ್ನನ್ನು ಮೌಶಿ ಎನ್ನುತ್ತಿದ್ದಳು. ನಮ್ಮ ಮನೆಗಳಲ್ಲಿ ಚಿಕ್ಕಮ್ಮನನ್ನು ಮರಾಠಿಯಲ್ಲೇ ಕರೆಯುವುದು. ಸ್ವಲ್ಪ ದೊಡ್ಡವಳಾದ ಮೇಲೆ ರಕ್ತದ ಚೀಲ ತೂಗುಹಾಕುತ್ತಲೇ ನರ್ಸನ್ನು ಕೇಳುತ್ತಿದ್ದಳು.

"ಇವತ್ತ ಯಾರ ರಕ್ತರೀ? ಗಂಡಸರದೋ, ಹೆಣ್ಮಕ್ಕಳದೋ?"

"ಪೊಲೀಸರದವ್ವ."

ಅಂದು ಸ್ಟೇಶನ್ನಿನವರೆಗೂ ಅವಳು ಕೈ ಬೀಸುತ್ತ ಕವಾಯತು ಮಾಡಿಕೊಂಡೇ ನಡೆದಳು.

ಒಮ್ಮೆ ನಾನೇ ರಕ್ತ ಕೊಡಲು ಹೋದೆ. ಹಿಮೋಗ್ಲೋಬಿನ್ ಕಡಿಮೆಯಿದೆ, ನಡೆಯುವುದಿಲ್ಲ ಎಂದರು. ಡಾಕ್ಟರರು ಇನ್ನೊಂದು ಪರೀಕ್ಷೆ ಬರೆದುಕೊಟ್ಟರು. ಅಕ್ಕನಲ್ಲೂ ಮಾವನಲ್ಲೂ ಅಡಗಿದ್ದ ದೋಷವೇ ನನ್ನಲ್ಲೂ ಇತ್ತು. ನನಗೇನೂ ಆಗುವುದಿಲ್ಲ, ಇದೇ ದೋಷವಿರುವವನನ್ನು ಮದುವೆಯಾದರೆ ಮಾತ್ರ ಮಕ್ಕಳಿಗೆ ರೋಗ ಬರಬಹುದು. ಕಾಗದ ಮಡಚಿ ಪರ್ಸಿನಲ್ಲಿಟ್ಟುಕೊಂಡು, ಹೊರಗೆ ಅಕ್ಕನ ಬಾಜೂ ಬಂದು ಕುಳಿತೆ. ಅವಳು ಕಿತ್ತಳೆ ಬಿಡಿಸಿ ಕೊಟ್ಟಳು, ತಿಂದೆ.

ಕೆಲವು ವರ್ಷಗಳ ನಂತರ ಪಠ್ಯ ಬದಲಾಯಿತು. ಜೀನ್‌ಗಳನ್ನು ಕತ್ತರಿಸಿ ಜೋಡಿಸುವ ತಂತ್ರದ ಮೇಲೆ ಹೊಸ ಪಾಠ ಬಂತು. ಅದನ್ನು ನಾವು ಯಾರೂ ಓದಿದವರಲ್ಲ, ಹೀಗಾಗಿ ಉಪನ್ಯಾಸಕರಿಗೆಲ್ಲ ಧಾರವಾಡದಲ್ಲಿ ಒಂದು ವಾರ ತರಬೇತಿ ಇಟ್ಟರು. ವಯಸ್ಸಾದ ಪ್ರಾಧ್ಯಾಪಕರೊಬ್ಬರು ಎರಡು ಬಣ್ಣದ ಸೀಮೆಸುಣ್ಣ ಹಿಡಿದು, ಬ್ಯಾಕ್ಟೀರಿಯಾದೊಳಗೆ ಮನುಷ್ಯನ ಜೀನ್ ಸೇರಿಸಿ ಇನ್ಸುಲಿನ್ ಮಾಡಿಸುವುದು ಹೇಗೆಂದು ಬಿಡಿಸಿ ಹೇಳಿದರು. ಜೀನಿನ ಬರಹದಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ರಕ್ತ ಕೆಡಬಹುದು ಎಂದೂ ಹೇಳಿದರು. ಚಹಾದ ಬಿಡುವಿನಲ್ಲಿ ನಾನು ಅವರ ಹತ್ತಿರ ಹೋದೆ.

"ಸರ್, ಆ ಅಕ್ಷರ ಇದ್ದ ಜಾಗಾದಾಗ ತಿದ್ದಾಕ ಬರ್ತೈತೇನ್ರಿ? ಜೀವಂತ ಇದ್ದ ಮನುಷ್ಯಾರೊಳಗ?"

ಅವರು ಕಪ್ಪು ಕೆಳಗಿಟ್ಟರು. "ಹೊಸಾ ಜೀನ್ ಒಳಗ ಕಳಸಾಕ ನೋಡಾಕತ್ತಾರ. ಅದು ಹೋಗಿ ಎಲ್ಲಿ ಕೂಡ್ತೈತಿ ಅನ್ನೂದು ಯಾರ ಕೈಯಾಗೂ ಇಲ್ಲ. ಇದ್ದಲ್ಲೇ ತಿದ್ದೂದು ಇನ್ನೂ ದೂರ ಐತಿ. ಹತ್ತು ವರ್ಷ, ಇಪ್ಪತ್ತು ವರ್ಷ. ಯಾಕವ್ವಾ, ಮನ್ಯಾಗ ಯಾರರ ಅದಾರೇನು?"

"ಇಲ್ರಿ, ಹುಡುಗರು ಕೇಳ್ತಾರ ಅದಕ್ಕ," ಎಂದೆ. ಯಾಕೆ ಸುಳ್ಳು ಹೇಳಿದೆನೋ ಇವತ್ತಿಗೂ ತಿಳಿಯದು.

ಅಕ್ಕನಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರಕ್ತ ಹನಿಹನಿಯಾಗಿ ಇಳಿಯುತ್ತಿತ್ತು, ಮಗಳಿಗೆ ನಿದ್ದೆ ಹತ್ತಿತ್ತು.

"ಹತ್ತು ವರ್ಷ ಅಂದ್ರ ಈಕಿಗೆ ಹದಿನೆಂಟು," ಎಂದಳು ಅಕ್ಕ. "ಇಪ್ಪತ್ತಂದ್ರ?"

"ಇಪ್ಪತ್ತೆಂಟು."

ಅವಳು ಮಗಳ ಕಾಲಿನ ಮೇಲಿನ ಚಾದರ ಸರಿಮಾಡಿದಳು.

ಅದೇ ವರ್ಷ ನನಗೆ ಹುಕ್ಕೇರಿಯಿಂದ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅವಲಕ್ಕಿ ತಿಂದು ಎಲ್ಲರೂ ಚಹಾ ಕುಡಿಯುವಾಗ ನಾನೇ ಬಾಯಿ ಬಿಟ್ಟೆ.

"ಮಾತು ಮುಂದ ಹೋಗೂಕಿಂತ ಮೊದಲ ನೀವೊಂದು ರಕ್ತ ಪರೀಕ್ಷಾ ಮಾಡಿಸ್ಬೇಕ್ರಿ."

"ಯಾಕ, ನಿನಗೇನ್ ರೋಗ ಐತೇನವಾ?" ಎಂದರು ಹುಡುಗನ ತಾಯಿ.

ಪಾಠ ಹೇಳಿದಷ್ಟೇ ಸಮನಾದ ದನಿಯಲ್ಲಿ ವಿವರಿಸಿದೆ. ಅಪ್ಪ ತಲೆ ಎತ್ತಲಿಲ್ಲ. "ತಿಳಸ್ತೀವ್ರಿ," ಎಂದು ಹೇಳಿ ಅವರು ಎದ್ದುಹೋದರು. ಅವ್ವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನನಗೆ ಅವಮಾನವೂ ಆಗಲಿಲ್ಲ.

ಆ ಮಳೆಗಾಲದಲ್ಲಿ ಅಕ್ಕನ ಮಗಳು ತೀರಿಕೊಂಡಳು. ವರ್ಷಗಟ್ಟಲೆ ಏರಿಸಿದ ರಕ್ತದ ಕಬ್ಬಿಣ ಮೈಯಲ್ಲಿ ಉಳಿದು ಹೃದಯ ಸೋತಿತ್ತು. ಮೂಡಲಗಿಯಲ್ಲಿ ಎಲ್ಲರೂ ಅತ್ತರು. ನಾನು ಬಂದವರಿಗೆ ನೀರು ಕೊಡುತ್ತಾ, ಚಪ್ಪಲಿಗಳನ್ನು ಒಂದು ಕಡೆ ಸರಿಸುತ್ತಾ ಇದ್ದೆ. ಮುಂದಿನ ವಾರ ಕಾಲೇಜಿನಲ್ಲಿ ಅದೇ ಹೊಸ ಪಾಠ ಬಂತು. ಉಪಯೋಗಗಳು ಎಂದು ತಲೆಬರಹ ಬರೆದು, ಕೆಳಗೆ ಇನ್ಸುಲಿನ್, ಹುಳ ಹತ್ತದ ಹತ್ತಿ ಎಂದು ಬರೆದೆ. ಮೂರನೆಯದು ಆನುವಂಶಿಕ ರೋಗಗಳ ಚಿಕಿತ್ಸೆ. ಹುಡುಗಿಯರು ಕೆಂಪು ಪೆನ್ನಿನಿಂದ ಅಡಿಗೆರೆ ಎಳೆದುಕೊಂಡರು. ಗಂಟೆ ಹೊಡೆಯಿತು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಹುಕ್ಕೇರಿಯ ಮಾಸ್ತರರು ಒಬ್ಬರೇ ಕಾಲೇಜಿಗೆ ಬಂದರು. ಕೈಯಲ್ಲಿ ರಿಪೋರ್ಟ್ ಇತ್ತು.

"ನಂದೇನೂ ಇಲ್ರಿ, ಚೊಲೋ ಐತಿ. ಅವ್ವನ್ನ ಒಪ್ಪಸಾಕ ಇಷ್ಟು ದಿನಾ ಹಿಡೀತು."

"ಚೊಲೋ ಆತ್ರಿ," ಎಂದೆ. ಖುಷಿಯಾಗಬೇಕಿತ್ತು. ಮುಂದಿನ ಪ್ರಾಕ್ಟಿಕಲ್ಲಿಗೆ ಸೂಕ್ಷ್ಮದರ್ಶಕ ಒರೆಸಿಡಬೇಕು ಎಂಬುದಷ್ಟೇ ನೆನಪಾಯಿತು. ನಮ್ಮ ಮದುವೆಯಾಯಿತು. ಅವರು ಒಳ್ಳೆಯವರು. ಅಳು ನನಗೆ ಬಂದದ್ದು ಬಹಳ ತಡವಾಗಿ, ಹುಕ್ಕೇರಿಯ ಅಡುಗೆಮನೆಯಲ್ಲಿ, ಯಾವ ಕಾರಣವೂ ಇಲ್ಲದೆ.

ಅಕ್ಕ ಎರಡನೆಯ ಮಗು ಬೇಡವೆಂದಳು. ಎರಡು ವರ್ಷದ ನಂತರ ಕೌಜಲಗಿಯ ನಂಟರ ಮನೆಯಲ್ಲಿ ನಿಶ್ಚಿತಾರ್ಥವಿತ್ತು. ಅಲ್ಲೂ ಹುಡುಗಿಯನ್ನು ಸೋದರಮಾವನಿಗೇ ಕೊಡುತ್ತಿದ್ದರು. ಊಟಕ್ಕೆ ಎಲೆ ಹಾಕುವ ಮೊದಲು ಅಕ್ಕ ಎದ್ದು ನಿಂತಳು.

"ಇಬ್ಬರದೂ ರಕ್ತ ಒಮ್ಮಿ ತೋರಸ್ರಿ. ನನ್ನ ಮಗಳು ಹೆಂಗ ಹೋದಳು ನೀವೆಲ್ಲಾ ನೋಡೀರಿ."

"ಶುಭಕಾರ್ಯದಾಗ ಇಂಥಾ ಮಾತೇನವ್ವಾ?" ಎಂದರು ಒಬ್ಬ ಹಿರಿಯರು.

ಅಕ್ಕ ಕೂರಲಿಲ್ಲ. ಓದಿದವಳು ನಾನು, ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಊಟವಾದ ಮೇಲೆ ಹುಡುಗಿಯ ತಂದೆ ಕೈ ಒರೆಸಿಕೊಳ್ಳುತ್ತಾ ಅಕ್ಕನ ಹತ್ತಿರ ಬಂದು, "ಬೆಳಗಾವ್ಯಾಗ ಅದು ಎಲ್ಲಿ ಬರ್ತೈತವ್ವಾ?" ಎಂದು ಮೆಲ್ಲಗೆ ಕೇಳಿದರು. ಅಕ್ಕ ನನ್ನಿಂದ ಪೆನ್ನು ಇಸಿದುಕೊಂಡು, ಲಗ್ನಪತ್ರಿಕೆಯ ಹಿಂದೆ ವಿಳಾಸ ಬರೆದುಕೊಟ್ಟಳು.