ರಾಶಿ ಕೂಡಿಬರಲಿಲ್ಲ

ನಾನು ವರದಿಗಾರನಾಗಿದ್ದ ಪತ್ರಿಕೆಯ ಬೀದರ ಕಚೇರಿಗೆ ಬೀಗ ಹಾಕುವುದೆಂದು ತೀರ್ಮಾನವಾದಾಗ, ಸಂಪಾದಕರು ಬೆಂಗಳೂರಿನಿಂದ ಫೋನು ಮಾಡಿ ನನಗೊಂದು ಗೌರವ ಕೊಟ್ಟರು. ಬೇಕಿದ್ದರೆ ಬೆಂಗಳೂರಿನ ಡೆಸ್ಕಿಗೆ ಬರಬಹುದಂತೆ. ಅದೇ ವಾರ ಹೈದರಾಬಾದಿನ ಒಂದು ಇಂಗ್ಲಿಷ್ ಸುದ್ದಿಸಂಸ್ಥೆಯೂ ಕರೆದಿತ್ತು. ಅದನ್ನು ನಾನು ಹೇಳಿದ್ದೇ ತಡ, ಅವರ ದನಿ ಇಳಿಯಿತು.

“ಹಾಗಾದ್ರೆ ಕರ್ನಾಟಕ ಬಿಟ್ಟು ಹೋಗ್ತೀರಾ?”

ವಸ್ತುಸ್ಥಿತಿ ದಾಖಲಿಸುತ್ತೇನೆ. ಬೀದರದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟ ಹೈದರಾಬಾದಿನಲ್ಲಿ. ಬೆಂಗಳೂರಿಗಾದರೆ ರೈಲಿನಲ್ಲಿ ಇಡೀ ರಾತ್ರಿ. ಮೊದಲನೆಯದು ನಾಡು ತೊರೆಯುವುದು, ಎರಡನೆಯದು ನಾಡಿನಲ್ಲೇ ಉಳಿಯುವುದು. ನಮ್ಮ ಮನೆ ಭಾಲ್ಕಿಯಲ್ಲಿ. ಹೆಂಡತಿ ಅಲ್ಲಿಯ ಶಾಲೆಯ ಶಿಕ್ಷಕಿ. ಅವಳು ನೌಕರಿ ಬಿಟ್ಟು ಬರುವಂತಿರಲಿಲ್ಲ. ನಾಡಿನಲ್ಲಿ ಉಳಿದರೆ ನಾವಿಬ್ಬರೂ ಹಬ್ಬಕ್ಕೊಮ್ಮೆ ಒಟ್ಟಿಗೆ ಉಣ್ಣಬಹುದಿತ್ತು, ತೊರೆದರೆ ಪ್ರತಿ ಶನಿವಾರ.

ಆದರೂ ನಾನು ಬೆಂಗಳೂರಿನತ್ತಲೇ ವಾಲಿದ್ದೆ. ಕನ್ನಡದಲ್ಲಿ ಬರೆಯುವ ಕೆಲಸ ಇದ್ದದ್ದು ಅಲ್ಲಿ.

ಔರಾದಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಹೆಂಡತಿಯ ತಮ್ಮನಿಗೆ ಇದೊಂದು ಸಮಸ್ಯೆಯೆಂದೇ ಅನ್ನಿಸಲಿಲ್ಲ. ಅವನ ಮಾಲು ಬರುವುದು ಮಹಾರಾಷ್ಟ್ರದ ಉದಗೀರದಿಂದ.

“ನಾ ವಾರಕ್ಕೊಮ್ಮಿ ರಾಜ್ಯ ಬಿಡ್ತೇನಿ ಭಾವ. ಸಂಜಿಕಿ ಮತ್ತ ಬರ್ತೇನಿ. ಯಾರೂ ಒಂದ್ ಹಾರ ಹಾಕಿಲ್ಲ ನೋಡ್ರಿ.”

“ನಿಂದು ವ್ಯಾಪಾರ. ನಂದು ಭಾಷಾ.”

“ನಿಮ್ಮ ಭಾಷಾ ಬೆಂಗಳೂರಿನವ್ರಿಗಿ ತಿಳೀತದೇನ್ರಿ?”

ಅದಕ್ಕೆ ಉತ್ತರವನ್ನು ಬೆಂಗಳೂರಿನ ಡೆಸ್ಕೇ ಕೊಟ್ಟಿತು. ಭಾಲ್ಕಿಯ ಸುತ್ತ ರೈತರು ತೊಗರಿ ಕೊಯ್ದು ಹೊಲದಲ್ಲಿ ಒಟ್ಟಿದ್ದರು. ಮೋಡ ಕವಿದು, ಬಡಿದು ಕಾಳು ಮಾಡುವ ಕೆಲಸ ನಿಂತಿತ್ತು. ಆ ಕೆಲಸಕ್ಕೆ ನಮ್ಮಲ್ಲಿ ರಾಶಿ ಎನ್ನುತ್ತಾರೆ. “ಭಾಲ್ಕಿ: ಮೋಡದಿಂದ ತೊಗರಿ ರಾಶಿಗೆ ಅಡ್ಡಿ” ಎಂದು ತಲೆಬರಹ ಕೊಟ್ಟು ಕಳಿಸಿದೆ. ಮರುದಿನ ಅದು ದಿನಭವಿಷ್ಯದ ಪುಟದಲ್ಲಿ, ಮೀನ ರಾಶಿಯ ಕೆಳಗೆ ಅಚ್ಚಾಗಿತ್ತು. ಜಾಗ ಸಾಲದೆ ತಲೆಬರಹದಿಂದ ತೊಗರಿಯನ್ನು ಕತ್ತರಿಸಿದ್ದರು. ಭಾಲ್ಕಿಯವರಿಗೆ ಅಂದು ಗ್ರಹಗತಿ ಚೆನ್ನಾಗಿರಲಿಲ್ಲ.

ಫೋನು ಮಾಡಿದೆ. ಡೆಸ್ಕಿನ ಉಪಸಂಪಾದಕ ವಿನಯವಂತ.

“ರಾಶಿ ಅಂದ್ರೆ ರಾಶಿ ತಾನೇ ಸಾರ್? ನೀವು ಒಕ್ಕಣೆ ಅಂತ ಕನ್ನಡದಲ್ಲಿ ಬರೀಬೇಕಿತ್ತು.”

ಕನ್ನಡದಲ್ಲಿ. ಬೆಂಗಳೂರಿನ ಪರವಾಗಿ ನನ್ನಲ್ಲಿ ಉಳಿದಿದ್ದ ಒಂದೇ ವಾದವನ್ನು ಅವರು ಹೀಗೆ ಸಂಕ್ಷಿಪ್ತವಾಗಿ ತಿದ್ದಿಕೊಟ್ಟರು.

ಹೈದರಾಬಾದಿಗೆ ಹೋಗುವುದಾಗಿ ಸಂಪಾದಕರಿಗೆ ತಿಳಿಸಿದೆ. ನಾಡಿಗೆ ನಷ್ಟ ಎಂದರು. ನಷ್ಟವನ್ನು ನಾಡು ಧೈರ್ಯದಿಂದ ತಡೆದುಕೊಂಡಿತು. ಮರುದಿನದ ಪತ್ರಿಕೆ ಸರಿಯಾದ ಹೊತ್ತಿಗೇ ಬಂತು. ಈಗ ದಿನವಿಡೀ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಅಲ್ಲಿ ನನ್ನ ಕನ್ನಡದಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ.

ಮೊದಲ ಶನಿವಾರ ಭಾಲ್ಕಿಗೆ ಬಂದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ತಾಟು ಮುಂದಿಟ್ಟು ಕೇಳಿದಳು: “ಬೆಂಗಳೂರಿಗಿ ಹೋಗಿದ್ರ ಈ ಹೊತ್ತಿಗಿ ಎಲ್ಲಿರ್ತಿದ್ರಿ?”

“ರಾಜ್ಯದಾಗ” ಎಂದೆ.

ಅವಳು ಇನ್ನೊಂದು ರೊಟ್ಟಿ ಹಾಕಿದಳು.