ಡೊಂಬಿವಲಿಯಿಂದ ತುರ್ಭೆಗೂ ಅಷ್ಟೇ ದೂರ

ಕರ್ತನ ಮನೆಯವರಾದ ನಿಮಗೆಲ್ಲ ಡೊಂಬಿವಲಿಯ ಸಲೋಮಿಯ ವಂದನೆಗಳು. ನಾನು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ವಾರ್ಡಿನಲ್ಲಿ ದೊಡ್ಡ ಡಾಕ್ಟರರಿಗೇ ಎದುರು ಮಾತಾಡುತ್ತಿದ್ದವಳು ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು ಹೇಗೆ? ಆದ್ದರಿಂದ ಈ ಸಾಕ್ಷಿಯಲ್ಲಿ ಸ್ತೋತ್ರಕ್ಕಿಂತ ಜಗಳ ಜಾಸ್ತಿ ಇದೆ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ನಮ್ಮ ಕನ್ನಡ ಸಭೆ ಡೊಂಬಿವಲಿ ಪೂರ್ವದ ಒಂದು ಶಾಲೆಯ ಎರಡನೇ ಮಹಡಿಯ ಕೋಣೆಯಲ್ಲಿ ಪ್ರತಿ ಭಾನುವಾರ ಸೇರುತ್ತಿತ್ತು. ಮೊದಮೊದಲು ಉಡುಪಿ, ಮಂಗಳೂರು ಕಡೆಯ ಹತ್ತು ಮನೆಯವರಷ್ಟೇ ಇದ್ದೆವು. ಆಮೇಲೆ ತುರ್ಭೆಯಿಂದ ಹಮಾಲರು ಬರತೊಡಗಿದರು. ಬಿಜಾಪುರ, ಗದಗ ಕಡೆಯವರು, ಗೋದಾಮುಗಳಲ್ಲಿ ಮೂಟೆ ಹೊರುವವರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಠಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ, ಹಳಿ ದುರಸ್ತಿಗೆಂದು ಗಾಡಿಗಳನ್ನು ನಿಲ್ಲಿಸುವ ಮೆಗಾ ಬ್ಲಾಕ್ ಇದ್ದ ಭಾನುವಾರವೂ ತಪ್ಪದೆ ಬರುತ್ತಿದ್ದರು. ಕಳೆದ ವರ್ಷದ ಮಳೆಗಾಲದ ಹೊತ್ತಿಗೆ ಜನ ಮೆಟ್ಟಿಲ ಮೇಲೆಲ್ಲ ಕೂರುವಂತಾಯಿತು. ಶಾಲೆಯವರು ಸ್ಪಷ್ಟವಾಗಿ ಹೇಳಿದರು: ಕೋಣೆಯಲ್ಲಿ ಹಿಡಿಸುವಷ್ಟೇ ಜನ ಬರಬೇಕು, ಇಲ್ಲವಾದರೆ ಕ್ರಿಸ್ಮಸ್ ಒಳಗೆ ಬೇರೆ ಜಾಗ ನೋಡಿಕೊಳ್ಳಬೇಕು.

ಸಭೆಯ ಕಾರ್ಯದರ್ಶಿ ಬೆಂಜಮಿನ್ ನಮ್ಮ ಕಡೆಯವರೇ, ಒಳ್ಳೆಯ ಮನುಷ್ಯ. ಆದರೆ ಕಮಿಟಿಯಲ್ಲಿ ಅವರು ಹೇಳಿದ ಮಾತು ಕೇಳಿ ನನಗೆ ಮೈ ಉರಿಯಿತು.

"ತುರ್ಭೆಯವರು ಅಲ್ಲೇ ಯಾರದ್ದಾದ್ರೂ ಮನೆಯಲ್ಲಿ ಆರಾಧನೆ ಮಾಡಿಕೊಂಡ್ರೆ ಆಗುದಿಲ್ವಾ? ಅವರಿಗೂ ಓಡಾಟ ತಪ್ತದೆ, ನಮಗೂ ಜಾಗ ಆಗ್ತದೆ."

"ಎಂತ ಬೆಂಜಮಿನ್ನಣ್ಣ, ಜಾಗ ಸಾಲದಿದ್ರೆ ಜನರನ್ನೇ ಕಡಿಮೆ ಮಾಡುದಾ? ಅವರು ಹೋದ ದಿನ ನಾನೂ ಹೋಗ್ತೇನೆ. ಬೇಕಾದ್ರೆ ಬರೆದಿಟ್ಟುಕೊಳ್ಳಿ!" ಎಂದೆ.

ನನಗೆ ಅಷ್ಟು ಸಿಟ್ಟು ಬರಲು ಕಾರಣವಿದೆ. ಮೂರು ವರ್ಷದ ಹಿಂದೆ ನಮ್ಮ ಯಜಮಾನರು ತೀರಿಕೊಂಡಾಗ ಶವಪೆಟ್ಟಿಗೆ ಬಿಲ್ಡಿಂಗಿನ ಲಿಫ್ಟಿನಲ್ಲಿ ಹಿಡಿಸಲಿಲ್ಲ. ನಾಲ್ಕನೇ ಮಹಡಿ, ಇಕ್ಕಟ್ಟಾದ ಮೆಟ್ಟಿಲು. ನಮ್ಮವರೆಲ್ಲ ಹಾಲ್‌ನಲ್ಲಿ ನಿಂತು ಹಾಗೆ ಮಾಡುವ, ಹೀಗೆ ಮಾಡುವ ಎನ್ನುತ್ತಿದ್ದರು. ತುರ್ಭೆಯ ಹಮಾಲರ ಮುಖಂಡ ದಾನಪ್ಪ ಐದು ಜನರೊಂದಿಗೆ ಒಳಗೆ ಬಂದು, ಚಪ್ಪಲಿ ಬಿಟ್ಟು, ಪೆಟ್ಟಿಗೆಗೆ ಹೆಗಲು ಕೊಟ್ಟ. ತಾನು ಮುಂದೆ ನಿಂತು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದ. ಪೆಟ್ಟಿಗೆ ಎಲ್ಲಿಯೂ ವಾಲಲಿಲ್ಲ, ಒಂದು ಗೋಡೆಗೂ ತಾಗಲಿಲ್ಲ. ಅಂಥವರನ್ನು "ಅಲ್ಲೇ ಇರಿ" ಎಂದು ಕಳಿಸುವುದಾದರೆ ನಾನು ಯಾವ ಮುಖ ಇಟ್ಟುಕೊಂಡು ಪ್ರಾರ್ಥನೆ ಮಾಡಲಿ?

ಹಟಕ್ಕೆ ಬಿದ್ದು ಜಾಗ ಹುಡುಕಲು ಹೊರಟೆ. ಕಲ್ಯಾಣದಲ್ಲಿ ಒಬ್ಬರು ಪ್ರಾರ್ಥನೆ ಎಂದು ಕೇಳಿದ ಕೂಡಲೇ ಬಾಗಿಲು ಹಾಕಿಕೊಂಡರು. ಟಿಟ್ವಾಳಾದಲ್ಲಿ ತೋರಿಸಿದ ಹಾಲ್ ನಮ್ಮ ಕೋಣೆಗಿಂತಲೂ ಚಿಕ್ಕದು. ಮಂಡಿನೋವು ಇಟ್ಟುಕೊಂಡು ಆರು ತಿಂಗಳು ಅಲೆದೆ. ನವೆಂಬರ್ ಕೊನೆಯ ಒಂದು ಬುಧವಾರ ಮಾಜಿವಾಡಾದ ಮದುವೆ ಹಾಲ್‌ನವರೂ ಆಗುವುದಿಲ್ಲ ಎಂದು ಕೈಯಲ್ಲಾಡಿಸಿದರು. ಬಸ್ಸಿನಲ್ಲಿ ಠಾಣೆ ಸ್ಟೇಷನ್ನಿಗೆ ಬಂದು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತವಳಿಗೆ ಏಳಲಾಗಲಿಲ್ಲ. ಅಳು ಬಂತು. ಅಳುವಿನ ಹಿಂದೆಯೇ ಕೋಪವೂ ಬಂತು.

"ಕರ್ತನೇ, ಇಷ್ಟು ಜನರನ್ನು ಕಳಿಸಿದವನು ನೀನು. ಕೂರಿಸುವುದು ನನ್ನೊಬ್ಬಳ ಕೆಲಸವಾ? ಜಾಗ ಕೊಡು, ಇಲ್ಲವಾದರೆ ಇನ್ನು ನನ್ನ ಹತ್ತಿರ ಮಾತಾಡಬೇಡ!" ಜೋರಾಗಿಯೇ ಹೇಳಿದೆನೋ ಏನೋ, ಪಕ್ಕದಲ್ಲಿದ್ದ ಹೆಂಗಸು ಎದ್ದು ದೂರ ಹೋದಳು.

ಅಷ್ಟರಲ್ಲಿ ತುರ್ಭೆ ಕಡೆಯಿಂದ ಬಂದ ಗಾಡಿಯಿಂದ ದಾನಪ್ಪ ಇಳಿದ. ಡೊಂಬಿವಲಿಯ ಒಂದು ಮನೆಯಲ್ಲಿ ನಡೆಯುವ ಬುಧವಾರದ ಪ್ರಾರ್ಥನೆಗೆ ಹೊರಟವನು ನನ್ನನ್ನು ಕಂಡು ಓಡಿ ಬಂದ.

"ಯಾಕ್ರೀ ಸಿಸ್ಟರಕ್ಕಾರ, ಇಲ್ಲಿ ಕುಂತೀರಿ? ಆರಾಮ ಇಲ್ಲೇನು?"

ಎಲ್ಲ ಹೇಳಿದೆ. ಅವನು ಬೆಂಚಿನ ತುದಿಯಲ್ಲಿ ಕೂತ.

"ಆರು ತಿಂಗಳಿಂದ ಊರೆಲ್ಲಾ ತಿರಗೀರಿ. ಒಮ್ಮೆರೆ ನಮ್ಮನ್ನ ಕೇಳಿದ್ರೇನ್ರೀ?"

ಕೆನ್ನೆಗೆ ಹೊಡೆದ ಹಾಗಾಯಿತು. ಕೇಳಿರಲಿಲ್ಲ. ಅವರ ಪರವಾಗಿ ಊರವರ ಜೊತೆಗೆಲ್ಲ ಜಗಳ ಆಡಿದವಳು ನಾನು, ಆದರೆ ಅವರನ್ನು ಒಂದು ಮಾತು ಕೇಳಿರಲಿಲ್ಲ. ಬೆಂಜಮಿನ್ನಣ್ಣನಿಗೂ ನನಗೂ ಹೆಚ್ಚೇನು ವ್ಯತ್ಯಾಸವಿತ್ತು?

ದಾನಪ್ಪ ಯಾರ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದನೋ ಆ ವ್ಯಾಪಾರಿ ಸೇಠ್ ಅವರದ್ದು ತುರ್ಭೆಯಲ್ಲಿ ಮುಚ್ಚಿಹೋದ ಎಣ್ಣೆಗಾಣದ ಶೆಡ್ ಇತ್ತಂತೆ. ಮಾರನೇ ದಿನವೇ ಸಭಾಪಾಲಕರನ್ನೂ ಬೆಂಜಮಿನ್ನಣ್ಣನನ್ನೂ ಎಳೆದುಕೊಂಡು ಹೋದೆ. ಶೆಡ್ ನಮ್ಮ ಕೋಣೆಯ ನಾಲ್ಕು ಪಟ್ಟು ದೊಡ್ಡದು. ಆದರೆ ಒಳಗೆ ಆಳೆತ್ತರದ ಎರಡು ಹಳೇ ಯಂತ್ರಗಳು ತುಕ್ಕು ಹಿಡಿದು ಕೂತಿದ್ದವು. ಸೇಠ್ ನಕ್ಕರು: ಈ ಗಲ್ಲಿಯೊಳಗೆ ಕ್ರೇನ್ ಬರುವುದಿಲ್ಲ, ಇವನ್ನು ಹೊರಗೆ ಹಾಕಿಕೊಟ್ಟರೆ ಜಾಗ ನಿಮ್ಮದೇ.

"ಕ್ರೇನ್ ಯಾಕ್ ಬೇಕ್ರೀ? ನಾವ್ ಇಲ್ಲೇನು?" ಎಂದ ದಾನಪ್ಪ.

ಹೊರಗೆ ಬಂದ ಮೇಲೆ ಬೆಂಜಮಿನ್ನಣ್ಣ ರಾಗ ಎಳೆದರು, "ಆದ್ರೂ ಡೊಂಬಿವಲಿಯಿಂದ ಇಲ್ಲಿಗೆ ಭಾರೀ ದೂರ ಮಾರಾಯ್ತಿ."

"ಅವರು ಇಷ್ಟು ವರ್ಷ ಬಂದದ್ದು ಇದೇ ದೂರದಿಂದ ಅಲ್ವಾ? ನಾವು ಬರುವಾಗ ಮಾತ್ರ ಹಳಿ ಉದ್ದ ಆಗ್ತದಾ?"



ಮೂರು ಭಾನುವಾರ, ಆರಾಧನೆ ಮುಗಿಸಿ ಎಲ್ಲರೂ ತುರ್ಭೆಗೆ ಹೋದೆವು. ಹಮಾಲರು ಯಂತ್ರವನ್ನು ಹಾರೆಯಿಂದ ಮೀಟಿ, ಅದರ ಕೆಳಗೆ ಕಬ್ಬಿಣದ ಪೈಪುಗಳನ್ನು ಇಟ್ಟು ಉರುಳಿಸುತ್ತಿದ್ದರು. ಹಿಂದೆ ಬಿಟ್ಟ ಪೈಪನ್ನು ಎತ್ತಿ ಮತ್ತೆ ಮುಂದಕ್ಕೆ ಇಡುವುದು. ದಾನಪ್ಪ ಕೂಗುತ್ತಿದ್ದ, ಉಳಿದವರು "ಹೈಶಾ" ಎಂದು ಒಟ್ಟಿಗೆ ದೂಡುತ್ತಿದ್ದರು. ನಾನು ಬ್ಯಾಂಡೇಜ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಬೆವರುತ್ತ, ಪ್ರಾರ್ಥನೆ ಮಾಡುತ್ತ. ಎರಡನೇ ಭಾನುವಾರ ಬೆಂಜಮಿನ್ನಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಹಗ್ಗಕ್ಕೆ ಕೈ ಹಾಕಿದರು.

"ಅಣ್ಣಾರ, ಹಗ್ಗ ಕೈಗೆ ಸುತ್ತಬ್ಯಾಡ್ರಿ, ಬೆರಳ ಹೋಗ್ತಾವ!" ಎಂದು ದಾನಪ್ಪ ಗದರಿಸಿದ. ಕಾರ್ಯದರ್ಶಿಗಳು ಶಾಲೆಯ ಮಗುವಿನಂತೆ ಹಗ್ಗ ಬಿಡಿಸಿಕೊಂಡರು. ಯಾರಿಗೂ ಒಂದು ಗೀರೂ ಆಗಲಿಲ್ಲ. ನನ್ನ ಡಬ್ಬಿ ತೆರೆಯಲೇ ಇಲ್ಲ.

ಕ್ರಿಸ್ಮಸ್ ಆರಾಧನೆ ಹೊಸ ಜಾಗದಲ್ಲೇ ಆಯಿತು. ಗೋಡೆಯಲ್ಲಿ ಇನ್ನೂ ಎಣ್ಣೆಯ ವಾಸನೆ ಇತ್ತು. ದಾನಪ್ಪನ ಹೆಂಡತಿ ನಮಗೆಂದು ಮುಂದೆ ಒಳ್ಳೆಯ ಚಾಪೆ ಹಾಸಿದ್ದಳು; ತಾನೂ ತನ್ನವರೂ ಬಾಗಿಲ ಬಳಿ ಕೂತಿದ್ದರು. ನಾನು ಅವಳ ಕೈ ಹಿಡಿದು ತಂದು ನನ್ನ ಪಕ್ಕ ಕೂರಿಸಿಕೊಂಡೆ. ಆ ದಿನ ಹಾಡುವಾಗ ನನಗೆ ಠಾಣೆ ಸ್ಟೇಷನ್ನಿನ ಬೆಂಚು ನೆನಪಾಯಿತು. ಕರ್ತನು ನನ್ನ ಬೈಗುಳ ಕೇಳಿದ್ದ, ಕೇಳಿ ಒಂದು ಗಳಿಗೆಯೊಳಗೆ ಮುಂದಿನ ಗಾಡಿಯಲ್ಲೇ ಉತ್ತರ ಕಳಿಸಿದ್ದ. ಕೃಪೆ ಎಂದರೆ ಇದಲ್ಲದೆ ಮತ್ತೇನು?

ಹೋದ ಭಾನುವಾರ ಶೆಡ್ ತುಂಬಿ, ಹಿಂದಿನವರು ನಿಂತೇ ಇದ್ದರು. ಆರಾಧನೆ ಮುಗಿಯಿತು. ಬೆಂಜಮಿನ್ನಣ್ಣ ಹಿಂದೆ ತಿರುಗಿ ಆ ಜನರನ್ನು ಬಹಳ ಹೊತ್ತು ನೋಡಿದರು. ಇನ್ನು ಯಾರನ್ನು ಎಲ್ಲಿಗೆ ಕಳಿಸುವ ಮಾತು ಬರುತ್ತದೋ ಎಂದು ನಾನು ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತೆ.

ಅವರು ನನ್ನನ್ನು ನೋಡಲೂ ಇಲ್ಲ.

"ದಾನಪ್ಪಾ," ಎಂದು ಕರೆದರು, "ಸೇಠ್ ಹತ್ರ ಒಂದು ಮಾತು ಕೇಳುವಾ? ಆ ಹಿಂದಿನ ಗೋಡೆ ತೆಗೀಲಿಕ್ಕೆ ಆಗ್ತದಾ ಅಂತ."